‘ಹ್ಯಾಂಡಿಕ್ಯಾಪ್’: ಒಂದು ಮಾತಿನ ಪೂರ್ವೋತ್ತರ

ಮನೆಗೆ ಬಂದ ಅತಿಥಿಯ ಕುಲಗೋತ್ರಗಳನ್ನು ಕೇಳಬಾರದೆಂದು ಹಿರಿಯರು ಹೇಳುವರು. ಮಾತುಗಳ ವಿಷಯದಲ್ಲಿಯೂ ನಾವು ಬಹುಮಟ್ಟಿಗೆ ಈ ನಿಯಮವನ್ನೇ ಪಾಲಿಸುತ್ತೇವೆ. ದೇಶಾಂತರಗಳಿಂದ ಬಂದು ನಮ್ಮ ಜಗಲಿಯ ಮೇಲೆ ಕುಳಿತ ಮಾತುಗಳು ಎಷ್ಟೋ ಇವೆ. ಅವುಗಳಿಂದ ಕೆಲಸ ಮಾಡಿಸಿಕೊಳ್ಳುತ್ತೇವೆಯೇ ಹೊರತು, ಅವು ಎಲ್ಲಿ ಹುಟ್ಟಿದವು, ಯಾವ ದಾರಿಯಿಂದ ಬಂದವು ಎಂದು ವಿಚಾರಿಸುವುದಿಲ್ಲ. ವಿಚಾರಿಸದಿದ್ದರೆ ಸಾಮಾನ್ಯವಾಗಿ ನಷ್ಟವೂ ಇಲ್ಲ. ಆದರೆ ಒಂದು ಮಾತು ನಮ್ಮ ಹೆಸರಿನ ಮಗ್ಗುಲಲ್ಲಿಯೇ ಬಂದು ಕುಳಿತು, ಐವತ್ತು ವರ್ಷಗಳಾದರೂ ಏಳದೆ ಇದ್ದರೆ, ಅದರ ಊರು ಯಾವುದೆಂದು ಕೇಳುವ ಹಕ್ಕು ನಮಗೆ ಉಂಟೆಂದು ತೋರುತ್ತದೆ. ನನ್ನ ಹೆಸರಿನ ಮಗ್ಗುಲಲ್ಲಿ ಹಾಗೆ ಕುಳಿತ ಮಾತು ‘ಹ್ಯಾಂಡಿಕ್ಯಾಪ್’ ಎಂಬುದು. ಅದರ ವಿಚಾರವಾಗಿ ಎರಡು ಮಾತುಗಳನ್ನು ಹೇಳುವಾಗ ನನ್ನ ಸ್ವಂತ ವಿಷಯವೂ ಅಲ್ಲಲ್ಲಿ ಬರುವುದು ಅನಿವಾರ್ಯ. ಸಹೃದಯರಾದ ವಾಚಕರು ಇದನ್ನು ಮನ್ನಿಸಬೇಕು.

ನನಗೆ ಮೂರು ವರ್ಷವಾಗಿದ್ದಾಗ ಒಂದು ರಾತ್ರಿ ಜ್ವರ ಬಂದಿತಂತೆ. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಅದರೊಡನೆ ಬಲಗಾಲಿನ ಶಕ್ತಿಯೂ ಬಿಟ್ಟುಹೋಯಿತು. ಪೋಲಿಯೊ ಎಂಬ ಹೆಸರು ನಮ್ಮ ಮನೆಯವರಿಗೆ ತಿಳಿದುದು ಎಷ್ಟೋ ತಿಂಗಳ ಮೇಲೆ. ಈಗ ಆ ರೋಗ ನಮ್ಮ ದೇಶದಲ್ಲಿ ಇಲ್ಲವೆಂದು 2014ರಲ್ಲಿ ಸಾರಲ್ಪಟ್ಟಿದೆ. ಆ ಸುದ್ದಿಯನ್ನು ಓದಿದ ದಿನ ನಾನು ಎಷ್ಟು ಸಂತೋಷಪಟ್ಟೆನೆಂಬುದನ್ನು ಹೇಳತಕ್ಕದ್ದಿಲ್ಲ. ಅಂದಿನ ಕಾಲದಲ್ಲಿ ಔಷಧಕ್ಕಿಂತ ಎಣ್ಣೆಯೇ ಹೆಚ್ಚು. ನಮ್ಮ ತಾಯಿಯವರು ವರ್ಷಗಟ್ಟಲೆ ನನ್ನ ಕಾಲಿಗೆ ಎಣ್ಣೆ ತಿಕ್ಕಿದರು. ಊರಿನ ಜನ ನನ್ನನ್ನು ಕುಂಟನೆಂದು ಕರೆಯುತ್ತಿದ್ದರು. ಅದರಲ್ಲಿ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಕರಿಯ, ಕುಳ್ಳ, ಉದ್ದನೆಯವ ಎಂಬ ಹಾಗೆ ಅದೊಂದು ಗುರುತು. ನನಗಿಂತ ಐದು ವರ್ಷ ಹಿರಿಯನಾದ ಅಣ್ಣನು ದಿನವೂ ನನ್ನನ್ನು ಬೆನ್ನ ಮೇಲೆ ಹೊತ್ತು ಹಳ್ಳವನ್ನು ದಾಟಿಸಿ ಶಾಲೆಗೆ ಮುಟ್ಟಿಸುತ್ತಿದ್ದನು. ಅವನ ಬೆವರಿನ ವಾಸನೆ, ಅವನ ಅಂಗಿಯ ಕೊರಳಪಟ್ಟಿ, ಹಳ್ಳದ ನೀರಿನಲ್ಲಿ ಅವನ ಕಾಲು ಕಲ್ಲನ್ನು ಹುಡುಕುವ ಕ್ರಮ, ಇವೆಲ್ಲವೂ ನನಗೆ ಈಗಲೂ ನೆನಪಿವೆ.

ನಾನು ಹನ್ನೊಂದು ವರ್ಷದವನಾಗಿದ್ದಾಗ ವಿದ್ಯಾರ್ಥಿವೇತನಕ್ಕೆ ಒಂದು ಅರ್ಜಿಯನ್ನು ಕಳುಹಿಸಬೇಕಾಯಿತು. ನಮ್ಮ ಉಪಾಧ್ಯಾಯರೊಬ್ಬರು ನನ್ನ ಹೆಸರನ್ನು ಬರೆದು, ಅದರ ಮುಂದೆ ಇಂಗ್ಲಿಷಿನಲ್ಲಿ ಒಂದು ಉದ್ದವಾದ ಮಾತನ್ನು ಬರೆದರು. “ಇದೇನು, ಸಾರ್?” ಎಂದು ಕೇಳಿದೆನು. ಅವರು ದುಷ್ಟರಲ್ಲ, ತಮಗೆ ತಿಳಿದುದನ್ನು ಹತ್ತು ಜನಕ್ಕೆ ತಿಳಿಸಬೇಕೆಂಬ ಉತ್ಸಾಹವುಳ್ಳವರು. ಇಡೀ ತರಗತಿಗೆ ಕೇಳುವಂತೆ, “ಹ್ಯಾಂಡ್ ಎಂದರೆ ಕೈ, ಕ್ಯಾಪ್ ಎಂದರೆ ಟೋಪಿ. ಹಿಂದೆ ಇಂಗ್ಲೆಂಡಿನಲ್ಲಿ ಕೈಕಾಲು ಇಲ್ಲದವರು ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದರು. ಅದರಿಂದ ಈ ಮಾತು ಬಂದಿತು,” ಎಂದು ಅಪ್ಪಣೆ ಕೊಡಿಸಿದರು. ಹುಡುಗರು ನಕ್ಕರು. ಮರುದಿನ ಒಬ್ಬನು ತನ್ನ ಟೋಪಿಯನ್ನು ತಂದು ನನ್ನ ಮಣೆಯ ಮೇಲೆ ಇಟ್ಟನು.

ಆ ಸಂಜೆ ಅಣ್ಣನು ಎಂದಿನಂತೆ ಹಳ್ಳದ ದಡದಲ್ಲಿ ಬೆನ್ನು ಬಗ್ಗಿಸಿ ನಿಂತಾಗ ನಾನು ಹತ್ತಲಿಲ್ಲ. ಕೋಲನ್ನು ಊರಿಕೊಂಡು ನೀರಿಗೆ ಇಳಿದೆನು. ಅವನು ಏನೂ ಹೇಳದೆ ಹಿಂದೆ ಬಂದನು. ಅಂದಿನಿಂದ ನಾನು ಯಾರ ಮುಂದೆಯೂ ಕೈ ಚಾಚಬಾರದೆಂದು ನಿಶ್ಚಯಿಸಿದೆನು. ಈ ನಿಶ್ಚಯವನ್ನು ನಾನು ಸ್ವಾಭಿಮಾನವೆಂದು ತಿಳಿದುಕೊಂಡಿದ್ದೆನು. ಕಾಲೇಜಿನಲ್ಲಿ ಪರೀಕ್ಷೆಯ ಕೊಠಡಿ ಮಹಡಿಯ ಮೇಲೆ ಇದ್ದಿತು. ಕೆಳಗೆ ಕುಳಿತು ಬರೆಯಲು ಅನುಮತಿ ಬೇಡಬಹುದಾಗಿತ್ತು; ಬೇಡಲಿಲ್ಲ. ಮಳೆಯಲ್ಲಿ ನೆನೆದ ಮೆಟ್ಟಿಲಿನ ಮೇಲೆ ಜಾರಿ ಬಿದ್ದು, ಊದಿಕೊಂಡ ಮಣಿಕಟ್ಟಿನಿಂದ ಮೂರು ಗಂಟೆಯ ಕಾಲ ಬರೆದೆನು. ನೌಕರಿಯ ಅರ್ಜಿಗಳಲ್ಲಿ ‘ಪಿ.ಎಚ್.’ ಎಂಬ ಎರಡು ಅಕ್ಷರಗಳನ್ನು ಕಂಡರೆ, ಅವುಗಳ ಎದುರಿಗಿದ್ದ ಚೌಕವನ್ನು ಖಾಲಿ ಬಿಟ್ಟೆನು. ಬಸ್ಸಿನ ಪಾಸಿಗೆ ಅರ್ಜಿ ಹಾಕಿದುದು ನಲವತ್ತು ದಾಟಿದ ಮೇಲೆ. ಒಂದು ಮಾತಿನ ಅರ್ಥವನ್ನು ಕೇಳಿದುದರ ಫಲ ಇಷ್ಟು ದೂರ ನಡೆಯಿತು.

ಆ ಮಾತಿನ ನಿಜವಾದ ಜನ್ಮವೃತ್ತಾಂತ ನನಗೆ ತಿಳಿದುದು ನೌಕರಿಯಿಂದ ನಿವೃತ್ತನಾಗುವ ಹೊತ್ತಿಗೆ. ಬೇರೆ ಯಾವುದೋ ಪದವನ್ನು ಹುಡುಕುತ್ತ ಒಂದು ಪುಸ್ತಕ ಭಂಡಾರದಲ್ಲಿ ದೊಡ್ಡ ಇಂಗ್ಲಿಷ್ ನಿಘಂಟನ್ನು ತೆರೆದವನಿಗೆ ಈ ಮಾತು ಎದುರಾಯಿತು. ಓದಿದೆನು, ನಂಬಿಕೆಯಾಗಲಿಲ್ಲ, ಮತ್ತೆ ಓದಿದೆನು. ಬಳಿಕ ಬೇರೆ ಪುಸ್ತಕಗಳನ್ನೂ ನೋಡಿದೆನು. ಭಿಕ್ಷೆಯ ಕಥೆ ಶುದ್ಧ ಸುಳ್ಳು! ಟೋಪಿಯೇನೋ ಇದ್ದಿತು, ಆದರೆ ಅದರೊಳಗೆ ಕೈ ಹಾಕಿದವರು ಭಿಕ್ಷುಕರಲ್ಲ, ವ್ಯಾಪಾರಿಗಳು.

ಅದೊಂದು ಆಟ. ಇಬ್ಬರು ತಮ್ಮ ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳಬೇಕೆಂದು ಇಚ್ಛಿಸುತ್ತಾರೆ. ಒಬ್ಬನದು ಗಡಿಯಾರ, ಇನ್ನೊಬ್ಬನದು ಕುದುರೆಯ ಜೀನು ಎಂದು ಇಟ್ಟುಕೊಳ್ಳೋಣ. ಮೂರನೆಯವನೊಬ್ಬನು ಮಧ್ಯಸ್ಥನಾಗುತ್ತಾನೆ. ಮೂವರೂ ಸ್ವಲ್ಪ ಸ್ವಲ್ಪ ಹಣವನ್ನು ಪಣವಾಗಿ ಒಂದು ಟೋಪಿಯೊಳಗೆ ಹಾಕುತ್ತಾರೆ. ಮಧ್ಯಸ್ಥನು ಎರಡು ವಸ್ತುಗಳನ್ನೂ ನೋಡಿ, ಕಡಿಮೆ ಬೆಲೆಯ ವಸ್ತುವಿನವನು ಮೇಲೆ ಇಷ್ಟು ಹಣವನ್ನು ಕೊಟ್ಟರೆ ವ್ಯಾಪಾರ ಸರಿಸಮವಾಗುವುದೆಂದು ತೀರ್ಪು ಹೇಳುತ್ತಾನೆ. ಆಗ ಇಬ್ಬರೂ ಟೋಪಿಯೊಳಗೆ ಕೈಯಿಟ್ಟು ಒಟ್ಟಿಗೆ ಹೊರಗೆ ತೆಗೆಯಬೇಕು. ಒಪ್ಪಿಗೆಯಿದ್ದವನ ಕೈಯಲ್ಲಿ ನಾಣ್ಯವಿರುತ್ತದೆ; ಒಪ್ಪಿಗೆಯಿಲ್ಲದವನ ಕೈ ಬರಿದು. ಇಬ್ಬರೂ ಒಪ್ಪಿದರೆ ವ್ಯಾಪಾರ ಕುದುರಿತು, ಪಣದ ಹಣ ಮಧ್ಯಸ್ಥನಿಗೆ. ಇಬ್ಬರೂ ಒಪ್ಪದಿದ್ದರೆ ವ್ಯಾಪಾರವಿಲ್ಲ. ಆಗಲೂ ಹಣ ಅವನಿಗೇ. ಒಬ್ಬನು ಮಾತ್ರ ಒಪ್ಪಿದ್ದರೆ ವ್ಯಾಪಾರ ಮುರಿಯುವುದು. ಪಣದ ಹಣ ಒಪ್ಪಿದವನಿಗೆ ಸೇರುವುದು. ಆದುದರಿಂದ ಮಧ್ಯಸ್ಥನು ತನ್ನ ಲಾಭಕ್ಕಾಗಿಯಾದರೂ ಇಬ್ಬರಿಗೂ ಸಮನೆಂದು ತೋರುವ ತೀರ್ಪನ್ನೇ ಹೇಳಬೇಕು. ನಮ್ಮ ದನದ ಜಾತ್ರೆಗಳಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ದಲ್ಲಾಳಿಗಳನ್ನು ಕಂಡವರಿಗೆ ಈ ಆಟದ ಸ್ವಾರಸ್ಯ ಬೇಗನೆ ತಿಳಿಯುವುದು.

ಇಂಥ ವಿನಿಮಯದ ಚಿತ್ರ 14ನೆಯ ಶತಮಾನದ ಇಂಗ್ಲಿಷ್ ಕವಿ ಲ್ಯಾಂಗ್ಲೆಂಡನ ಕಾವ್ಯದಲ್ಲಿಯೇ ಬೇರೊಂದು ಹೆಸರಿನಿಂದ ಇದೆ. ಅಲ್ಲಿ ಹೆಂಡದಂಗಡಿಯೊಂದರಲ್ಲಿ ಒಬ್ಬನ ನಿಲುವಂಗಿಗೂ ಇನ್ನೊಬ್ಬನ ಕುಲಾವಿಗೂ ಬೆಲೆ ಕಟ್ಟುತ್ತಾರೆ. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಪ್ರಸಿದ್ಧ ದಿನಚರಿಕಾರನು 1660ನೆಯ ಇಸವಿ ಸೆಪ್ಟೆಂಬರ್ 18ರಂದು ಲಂಡನ್ನಿನ ಒಂದು ಪಾನಗೃಹದಲ್ಲಿ ಸ್ನೇಹಿತರೊಡನೆ ‘ಹ್ಯಾಂಡಿಕ್ಯಾಪ್’ ಆಡಿದುದನ್ನೂ, ಅದು ತನಗೆ ಹೊಸ ಆಟವೆಂಬುದನ್ನೂ ಬರೆದಿಟ್ಟಿದ್ದಾನೆ. ‘ಟೋಪಿಯಲ್ಲಿ ಕೈ’ ಎಂಬುದೇ ಸವೆದು ಈ ರೂಪವನ್ನು ತಾಳಿತು.

ಮುಂದಿನ ಶತಮಾನದಲ್ಲಿ ಆ ಮಾತು ಪಾನಗೃಹವನ್ನು ಬಿಟ್ಟು ಕುದುರೆಯ ಪಂದ್ಯದ ಬಯಲಿಗೆ ಬಂದಿತು. ವೇಗದ ಕುದುರೆಯೊಂದು, ಮಂದಗತಿಯ ಕುದುರೆಯೊಂದು ಓಡಿದರೆ ಫಲ ಮೊದಲೇ ಗೊತ್ತಾಗಿರುವುದರಿಂದ ಪಂದ್ಯಕ್ಕೆ ಅರ್ಥವಿಲ್ಲ. ಆದುದರಿಂದ ಮಧ್ಯಸ್ಥನು ವೇಗದ ಕುದುರೆ ಇಷ್ಟು ಹೆಚ್ಚು ಭಾರವನ್ನು ಹೊರಬೇಕೆಂದು ಗೊತ್ತುಮಾಡುವನು. ಒಡೆಯರಿಬ್ಬರೂ ಹಿಂದಿನಂತೆಯೇ ಕೈ ತೋರಿಸಿ ಸಮ್ಮತಿಯನ್ನೋ ಅಸಮ್ಮತಿಯನ್ನೋ ಸೂಚಿಸುವರು. ಕಾಲಕ್ರಮದಲ್ಲಿ ಟೋಪಿ ಮರೆಯಾಗಿ ಭಾರವಷ್ಟೇ ಉಳಿಯಿತು. ಬೆಂಗಳೂರು ಮೈಸೂರುಗಳ ಕುದುರೆಯ ಪಂದ್ಯಗಳಲ್ಲಿಯೂ ಜೀನಿಗೆ ಸೀಸದ ತುಂಡುಗಳನ್ನು ಸೇರಿಸಿ ಭಾರವನ್ನು ಸರಿದೂಗಿಸುವ ಈ ಪದ್ಧತಿಯುಂಟು.

ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕೆಂದು ನನ್ನ ಪ್ರಾರ್ಥನೆ. ಹ್ಯಾಂಡಿಕ್ಯಾಪ್ ಎಂಬುದು ಹೊರಿಸಲ್ಪಟ್ಟುದು ಯಾರ ಮೇಲೆ? ಕುಂಟುವ ಕುದುರೆಯ ಮೇಲಲ್ಲ. ಎಲ್ಲಕ್ಕಿಂತ ಬಲವಾದ ಕುದುರೆಯ ಮೇಲೆ. ಆಸ್ಟ್ರೇಲಿಯಾದಲ್ಲಿ ಫಾರ್ ಲ್ಯಾಪ್ ಎಂಬ ಹೆಸರುವಾಸಿಯಾದ ಕುದುರೆಯಿದ್ದಿತು. ಅದು 1930ರ ಮೆಲ್ಬರ್ನ್ ಪಂದ್ಯದಲ್ಲಿ 138 ಪೌಂಡು ಭಾರವನ್ನು ಹೊತ್ತು ಗೆದ್ದಿತು. ಮರುವರ್ಷ ಅದರ ಮೇಲೆ 150 ಪೌಂಡು ಹೊರಿಸಿದರು, ಎಂಟನೆಯದಾಗಿ ಬಂದಿತು. ಹನ್ನೆರಡು ಪೌಂಡು ಹೆಚ್ಚಿಸಿದುದು ಅದರ ಕಾಲು ಸೋತಿತೆಂದಲ್ಲ. ಅದರ ಕಾಲನ್ನು ಯಾರಿಂದಲೂ ಸೋಲಿಸಲಾಗದೆಂದು. ಭಾರ ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚು. ಇಂಥ ಮಾತನ್ನು ಕೇಳಿ ನನ್ನ ತರಗತಿಯ ಹುಡುಗರು ನಕ್ಕಿದ್ದರು!

ಹಾಗಾದರೆ ಈ ಮಾತು ಕುದುರೆಯ ಬೆನ್ನಿನಿಂದ ನನ್ನ ಕಾಲಿಗೆ ಹೇಗೆ ಇಳಿಯಿತು? 19ನೆಯ ಶತಮಾನದ ಉತ್ತರಾರ್ಧದಲ್ಲಿ, ಯಾವ ಕೆಲಸದಲ್ಲಿಯಾದರೂ ಮನುಷ್ಯನ ಮುನ್ನಡೆಗೆ ಅಡ್ಡಿಯಾದ ಭಾರವನ್ನು ಹ್ಯಾಂಡಿಕ್ಯಾಪ್ ಎಂದು ಕರೆಯುವ ವಾಡಿಕೆ ಬೆಳೆಯಿತು. ಬಡತನ, ವಯಸ್ಸು, ವಿದ್ಯೆಯಿಲ್ಲದಿರುವುದು, ಎಲ್ಲವೂ ಹ್ಯಾಂಡಿಕ್ಯಾಪೇ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ದೇಹದ ಊನಕ್ಕೆ, ಮೊದಲು ಮಕ್ಕಳ ವಿಷಯದಲ್ಲಿ, ಬಂದು ನಿಂತಿತು. ಯಾರೋ ಮರುಕದಿಂದಲೇ ಹೀಗೆ ಪ್ರಯೋಗಿಸಿರಬೇಕು. ಕುಂಟ, ಹೆಳವ ಎನ್ನುವುದರ ಬದಲಾಗಿ, ‘ಜೀವನದ ಪಂದ್ಯದಲ್ಲಿ ಹೆಚ್ಚು ಭಾರ ಹೊತ್ತು ಓಡುವವನು’ ಎನ್ನುವುದು ಗೌರವವಲ್ಲವೆ? ಇನ್ನು, ಏಳನೆಯ ಹೆನ್ರಿ ದೊರೆಯು ಯುದ್ಧದಲ್ಲಿ ಅಂಗಗಳನ್ನು ಕಳೆದುಕೊಂಡ ಸೈನಿಕರಿಗೆ ಟೋಪಿ ಹಿಡಿದು ಬೇಡಲು ಅಪ್ಪಣೆ ಕೊಟ್ಟನೆಂಬ ಕಥೆಯನ್ನು ಹೇಳುವವರಿದ್ದಾರೆ. ಆ ದೊರೆ ತೀರಿಕೊಂಡುದು 1509ರಲ್ಲಿ. ಮಾತು ದೇಹದ ಊನಕ್ಕೆ ಬಂದುದು ಅವನು ಸತ್ತು ನಾಲ್ಕು ನೂರು ವರ್ಷಗಳಾದ ಮೇಲೆ. ಕಾಲಗಣನೆಯೊಂದೇ ಆ ಕಥೆಯನ್ನು ಕೆಡವಲು ಸಾಕು.

ನಮ್ಮ ಮಾತುಗಳ ಕಡೆಗೂ ಒಮ್ಮೆ ನೋಡಬೇಕು. ಊನ ಎಂಬುದು ಸಂಸ್ಕೃತದಲ್ಲಿ ಲೆಕ್ಕದ ಮಾತು. ಹತ್ತೊಂಬತ್ತನ್ನು ಏಕೋನವಿಂಶತಿ, ಅಂದರೆ ಒಂದು ಕಡಿಮೆಯಾದ ಇಪ್ಪತ್ತು ಎನ್ನುತ್ತಾರೆ. ಅದರಿಂದ ಹತ್ತೊಂಬತ್ತಕ್ಕೆ ಅವಮಾನವೇನೂ ಇಲ್ಲ. ವಿಕಲ ಎಂದರೆ ಒಂದು ಕಲೆ, ಒಂದು ಅಂಶ, ಇಲ್ಲದುದು. ಸಕಲ ಎಂಬುದರ ಎದುರು. ಪಾಣಿನಿಯ ವ್ಯಾಕರಣದಲ್ಲಿ ಇದಕ್ಕಾಗಿಯೇ ಒಂದು ಸೂತ್ರವಿದೆ. ಯಾವ ಅಂಗದಿಂದ ವಿಕಾರವು ಕಾಣುವುದೋ ಆ ಅಂಗಕ್ಕೆ ತೃತೀಯಾ ವಿಭಕ್ತಿ ಬರುವುದು: ಕಣ್ಣಿನಿಂದ ಕುರುಡ, ಕಾಲಿನಿಂದ ಕುಂಟ. ಕಾಲಿನಿಂದ ಮಾತ್ರ ಕುಂಟ, ಮಿಕ್ಕೆಲ್ಲದರಿಂದ ಅಲ್ಲ ಎಂದು ನಾನು ಆ ಸೂತ್ರಕ್ಕೆ ನನ್ನದೇ ಒಂದು ವ್ಯಾಖ್ಯಾನವನ್ನು ಬರೆದುಕೊಂಡಿದ್ದೇನೆ; ವೈಯಾಕರಣರು ಕ್ಷಮಿಸಬೇಕು. ಈಚೆಗೆ ಅಂಗವಿಕಲನೆಂಬುದು ಕಟುವಾಯಿತೆಂದು ನಮ್ಮ ಸರಕಾರದ ಕಾಗದಗಳಲ್ಲಿ ವಿಕಲಚೇತನನೆಂದು ಬರೆಯುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ಸಮಾಸವನ್ನು ಬಿಡಿಸಿದರೆ ‘ಚೇತನವೇ ವಿಕಲವಾದವನು’ ಎಂದಾಗುತ್ತದೆ. ಕಾಲಿನಲ್ಲಿದ್ದ ಊನವನ್ನು ಮರ್ಯಾದೆಯ ಸಲುವಾಗಿ ಚೇತನಕ್ಕೆ ಏರಿಸಿದಂತಾಯಿತು. 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯಲ್ಲಿ ದಿವ್ಯಾಂಗ ಎಂಬ ಮಾತನ್ನು ಸೂಚಿಸಿದರು. ನನ್ನ ಕಾಲು ದಿವ್ಯವೆಂದು ನನಗೆ ಎಂದೂ ತೋರಿಲ್ಲ. ಚಳಿಗಾಲದಲ್ಲಂತೂ ಸ್ವಲ್ಪವೂ ತೋರುವುದಿಲ್ಲ.

ಪಂದ್ಯದ ಬಯಲಿನ ಅರ್ಥವನ್ನು ವಿದ್ವಾಂಸರು ಪೂರಾ ಮರೆತಿರಲಿಲ್ಲವೆಂಬುದೂ ಗಮನಿಸತಕ್ಕ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯವರು 1980ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಮೂರನ್ನು ಬೇರೆ ಬೇರೆಯಾಗಿ ಎಣಿಸಿದರು: ಅಂಗದಲ್ಲಿರುವ ಕೊರತೆ ಒಂದು, ಅದರಿಂದ ಕೆಲಸ ಮಾಡಲಾಗದಿರುವುದು ಎರಡು, ಇವುಗಳಿಂದಾಗಿ ಸಮಾಜದಲ್ಲಿ ಮನುಷ್ಯನಿಗೆ ಒದಗುವ ಹಿನ್ನಡೆ ಮೂರು. ಹ್ಯಾಂಡಿಕ್ಯಾಪ್ ಎಂಬ ಹೆಸರನ್ನು ಅವರು ಕೊಟ್ಟುದು ಈ ಮೂರನೆಯದಕ್ಕೆ ಮಾತ್ರ. ನನ್ನ ಉದಾಹರಣೆಯನ್ನೇ ತೆಗೆದುಕೊಂಡರೆ, ಸೊರಗಿದ ಸ್ನಾಯು ಮೊದಲನೆಯದು. ಮೆಟ್ಟಿಲು ಹತ್ತಲು ಕಷ್ಟವಾಗುವುದು ಎರಡನೆಯದು. ಪರೀಕ್ಷೆಯನ್ನು ಮಹಡಿಯ ಮೇಲೆ ಇಟ್ಟುದು ಮೂರನೆಯದು. ಮೊದಲನೆಯದನ್ನು ಯಾರೂ ಹೊರಿಸಲಿಲ್ಲ, ಯಾರಿಗೂ ಇಳಿಸಲು ಬರುತ್ತಿರಲಿಲ್ಲ. ಮೂರನೆಯದನ್ನು ಒಬ್ಬ ಜವಾನನು ಒಂದು ಮೇಜನ್ನು ಕೆಳಗೆ ತಂದಿದ್ದರೆ ಇಳಿಸಬಹುದಾಗಿತ್ತು. ಇಷ್ಟಾದರೂ ಆ ಮಾತಿಗೆ ಅಂಟಿದ ಮಸಿ ಹೋಗಲಿಲ್ಲ. 2001ರ ಹೊಸ ವರ್ಗೀಕರಣದಲ್ಲಿ ಅದನ್ನು ಕೈಬಿಟ್ಟರು. ನಮ್ಮ ದೇಶದ 1995ರ ಮತ್ತು 2016ರ ಕಾನೂನುಗಳ ಹೆಸರಿನಲ್ಲಿಯೂ ಅದು ಇಲ್ಲ. ಫ್ರೆಂಚರು ಮಾತ್ರ ಅದನ್ನು ತಮ್ಮ ಕಾನೂನಿನಲ್ಲಿ ಉಳಿಸಿಕೊಂಡಿದ್ದಾರೆ.

ನಿಘಂಟನ್ನು ಮುಚ್ಚಿಟ್ಟು ಮನೆಗೆ ಬರುವ ದಾರಿಯಲ್ಲಿ ನನಗೆ ನಮ್ಮ ಬೀದಿಯ ಆಟವೊಂದು ನೆನಪಿಗೆ ಬಂದಿತು. ಸಂಜೆಯ ಹೊತ್ತು ಹುಡುಗರು ಮುಟ್ಟಾಟ ಆಡುತ್ತಿದ್ದರು. ನಾನು ಜಗಲಿಯ ಮೇಲೆ ಕುಳಿತು ಅಳುತ್ತಿದ್ದೆನು. ಅವರು ಕನಿಕರಿಸಿ ನನ್ನನ್ನು ಸೇರಿಸಿಕೊಂಡರು. ಆದರೆ ನನ್ನನ್ನು ಯಾರೂ ಮುಟ್ಟುವಂತಿಲ್ಲ, ನಾನು ಮುಟ್ಟಿದರೆ ಯಾರೂ ಔಟಾಗುವಂತಿಲ್ಲ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ನಮ್ಮ ಗಾದೆ ಇದಕ್ಕಾಗಿಯೇ ಹುಟ್ಟಿದ್ದಿರಬೇಕು. ನಾನು ಎರಡು ದಿನ ಹಾಗೆ ಆಡಿ, ಮೂರನೆಯ ದಿನ ಮತ್ತೆ ಜಗಲಿಯನ್ನು ಸೇರಿದೆನು. ಆಗ ಅಣ್ಣನು ಒಂದು ಹೊಸ ಕಟ್ಟಳೆಯನ್ನು ಹೊರಡಿಸಿದನು. ನನ್ನನ್ನು ಅಟ್ಟಿಸಿಕೊಂಡು ಬರುವವನು ಒಂಟಿಕಾಲಿನಲ್ಲಿ ಕುಂಟಿಕೊಂಡು ಬರಬೇಕು; ನಾನು ಅಟ್ಟಿಸಿಕೊಂಡು ಹೋದಾಗಲೂ ಓಡುವವನು ಕುಂಟಿಕೊಂಡೇ ಓಡಬೇಕು. ಮುಟ್ಟಿದರೆ ಔಟು. ಮೊದಲನೆಯ ಸಂಜೆಯೇ ನಾನು ಮೂರು ಸಾರಿ ಔಟಾದೆನು. ಸೋತುದಕ್ಕೆ ಅಷ್ಟು ಸಂತೋಷಪಟ್ಟವನು ಆ ಬೀದಿಯಲ್ಲಿ ಬೇರೊಬ್ಬನಿರಲಿಲ್ಲ.

ಲಂಡನ್ನಿನ ಪಾನಗೃಹವನ್ನಾಗಲಿ ಕುದುರೆಯ ಪಂದ್ಯವನ್ನಾಗಲಿ ಕಾಣದ ಹಳ್ಳಿಯ ಹುಡುಗನು ಆ ಮಾತಿನ ಶುದ್ಧವಾದ ಅರ್ಥವನ್ನು ನಡೆಸಿ ತೋರಿಸಿದ್ದನು. ಬಲವಿಲ್ಲದವನಿಗೆ ವಿನಾಯಿತಿ ಕೊಟ್ಟು ಲೆಕ್ಕದಿಂದ ಬಿಡುವುದು ಒಂದು ದಾರಿ. ಬಲವುಳ್ಳವನು ಸ್ವಲ್ಪ ಭಾರವನ್ನು ಹೊತ್ತು, ಇಬ್ಬರೂ ಲೆಕ್ಕಕ್ಕೆ ಬರುವಂತೆ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಕರುಣೆಯಿದೆ, ಎರಡನೆಯದರಲ್ಲಿ ನ್ಯಾಯವಿದೆ. ನಾನು ಸುಮಾರು ಐವತ್ತು ವರ್ಷಗಳ ಕಾಲ ಎರಡನೆಯದನ್ನು ಮೊದಲನೆಯದೆಂದು ಭ್ರಮಿಸಿ ಬೇಡವೆಂದೆನು.

ಇಷ್ಟು ಹೇಳಿದುದರಿಂದ ಆ ಮಾತನ್ನು ಮತ್ತೆ ಎಲ್ಲರೂ ಬಳಸಬೇಕೆಂದು ನನ್ನ ವಾದವೆಂದು ಯಾರೂ ತಿಳಿಯಬಾರದು. ಮಾತಿನ ಹುಟ್ಟು ಎಷ್ಟೇ ಶುದ್ಧವಾಗಿದ್ದರೂ ಅದು ನಡೆದುಬಂದ ದಾರಿಯ ಕೆಸರು ಅದಕ್ಕೆ ಅಂಟಿರುತ್ತದೆ. ಆ ಮಾತನ್ನು ಕೇಳಿ ನೊಂದವನಿಗೆ ಅದರ ವ್ಯುತ್ಪತ್ತಿಯನ್ನು ಹೇಳಿ ಸಮಾಧಾನಪಡಿಸುವುದು, ಕಲ್ಲೇಟು ತಿಂದವನಿಗೆ ಆ ಕಲ್ಲು ದೇವಸ್ಥಾನದ್ದೆಂದು ಹೇಳಿದಂತೆ. ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ಹಾಗೆ ಕರೆಯಿಸಿಕೊಳ್ಳುವವರನ್ನೇ ಕೇಳುವುದು ಲೇಸು. ತಪ್ಪು ವ್ಯುತ್ಪತ್ತಿಯನ್ನು ಮಕ್ಕಳ ಮುಂದೆ ಹೇಳುವ ಮೊದಲು ಒಮ್ಮೆ ನಿಘಂಟನ್ನು ತೆರೆಯಬೇಕೆಂಬುದಷ್ಟೇ ನನ್ನ ಅರಿಕೆ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಈ ಕಥೆಯನ್ನೆಲ್ಲ ಅಣ್ಣನಿಗೆ ಹೇಳಿದೆನು. ಅವನಿಗೆ ಈಗ ಮಂಡಿನೋವು. ಎರಡು ಮೆಟ್ಟಿಲು ಹತ್ತಿ ಒಮ್ಮೆ ನಿಲ್ಲುತ್ತಾನೆ. ಉಪಾಧ್ಯಾಯರ ಮಾತು, ಮಣೆಯ ಮೇಲಿನ ಟೋಪಿ, ಇವು ಯಾವುವೂ ಅವನಿಗೆ ಅಂದು ತಿಳಿದಿರಲಿಲ್ಲ. ನಾನೂ ಹೇಳಿರಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಂದು ಹಳ್ಳದಲ್ಲಿ ನೀನು ನನ್ನ ಬೆನ್ನು ಹತ್ತಲಿಲ್ಲವಲ್ಲ, ಅದು ಇದಕ್ಕೇನೋ? ಶಾಲೆ ಬಿಟ್ಟು ದನ ಕಾಯುವ ಅಣ್ಣನ ಬೆನ್ನು ಹತ್ತುವುದಕ್ಕೆ ನಿನಗೆ ನಾಚಿಕೆಯಾಯಿತೆಂದು ನಾನು ಇಷ್ಟು ದಿನ ತಿಳಿದುಕೊಂಡಿದ್ದೆ ಕಣೋ,” ಎಂದನು.

ನಾನು ಏನೂ ಹೇಳಲಾರದೆ ಹೋದೆನು. ಊಟಕ್ಕೆ ಕರೆ ಬಂದಿತು. ಜಗಲಿಯಿಂದ ಏಳುವಾಗ ನಾನು ಅವನ ಹೆಗಲನ್ನು ಹಿಡಿದೆನು. ಅವನು ನನ್ನ ಕೋಲನ್ನು ಹಿಡಿದನು. ಹೊಸಲು ದಾಟಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು.